ಪರದೆಯ ಚಿತ್ರ ತಪ್ಪಿದಾಗ: ಸೇನಾ ಮಾಹಿತಿ ಜಾಲದ ದೋಷ ನಿವಾರಣೆ ಕೈಪಿಡಿ

ಒಂಟಿ ರೇಡಾರ್ ಕೆಟ್ಟರೆ ಅದರ ಪರದೆ ಕಪ್ಪಾಗುತ್ತದೆ. ಮುಂದೆ ಕೂತವನಿಗೆ ಕೆಟ್ಟಿದೆ ಎಂಬುದಾದರೂ ಗೊತ್ತಾಗುತ್ತದೆ. ರೇಡಾರ್, ವಿಮಾನ, ಫಿರಂಗಿ, ಡ್ರೋನ್, ಟ್ಯಾಂಕುಗಳನ್ನೆಲ್ಲ ಒಂದೇ ಜಾಲಕ್ಕೆ ಕಟ್ಟಿದ ಮೇಲೆ ಈ ಅನುಕೂಲ ಹೋಗಿಬಿಡುತ್ತದೆ. ಒಂದು ಕೊಂಡಿ ಕೆಟ್ಟರೂ ಉಳಿದ ಕೊಂಡಿಗಳು ಚಿತ್ರ ಕಳಿಸುತ್ತಲೇ ಇರುತ್ತವೆ. ಪರದೆಯ ಮೇಲೆ ಚುಕ್ಕೆಗಳು ಎಂದಿನಂತೆ ಬಣ್ಣ ಬಣ್ಣವಾಗಿ ಓಡಾಡುತ್ತವೆ. ಅವುಗಳಲ್ಲೊಂದು ಹತ್ತು ಸೆಕೆಂಡು ಹಳೆಯದಾಗಿರಬಹುದು, ಎರಡು ಕಿಲೋಮೀಟರ್ ಪಕ್ಕಕ್ಕೆ ಸರಿದಿರಬಹುದು, ಬೇರೆ ವಿಮಾನದ ಸಂಖ್ಯೆ ಹೊತ್ತಿರಬಹುದು. ಹಳೆಯ ಚುಕ್ಕೆಗೂ ಹೊಸ ಚುಕ್ಕೆಗೂ ಪರದೆ ಒಂದೇ ಹೊಳಪು ಕೊಡುತ್ತದೆ. ಈ ಜಾಲಗಳಲ್ಲಿ ಜೀವ ತೆಗೆದ ದೋಷಗಳಲ್ಲಿ ಹೆಚ್ಚಿನವು ಈ ಜಾತಿಯವು.

ಆಧುನೀಕರಣ ಬೇಡ ಎಂಬ ವಾದ ಇಲ್ಲಿಲ್ಲ. ಹಲವು ರೇಡಾರ್‌ಗಳ ಚಿತ್ರ ಸೇರಿಸುವ ನಮ್ಮ ವಾಯು ರಕ್ಷಣಾ ಜಾಲಗಳಾದ ಭಾರತೀಯ ವಾಯುಪಡೆಯ ಐಎಸಿಸಿಎಸ್ ಆಗಲಿ, ಭೂಸೇನೆಯ ಆಕಾಶ್‌ತೀರ್ ಆಗಲಿ, ಎರಡನ್ನೂ ಕಟ್ಟಿದ್ದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್). ಹತ್ತಾರು ರೇಡಾರ್‌ಗಳ ನೋಟವನ್ನು ಒಟ್ಟುಗೂಡಿಸದೆ ಇಂದಿನ ಡ್ರೋನ್ ದಾಳಿಯನ್ನು ತಡೆಯಲಾಗದು. ಆದರೆ ಜಾಲ ಕೊಡುವ ಪ್ರತಿ ಅನುಕೂಲಕ್ಕೂ ಒಂದು ಬೆಲೆಯಿದೆ. ಆ ಬೆಲೆ ಎಲ್ಲಿ ದೋಷವಾಗಿ ಕಾಣಿಸಿಕೊಳ್ಳುತ್ತದೆ, ಅದನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದಷ್ಟೇ ಈ ಕೈಪಿಡಿಯ ವಿಷಯ. ಉದಾಹರಣೆಗಳೆಲ್ಲ ತನಿಖೆಯಾಗಿ ಅಥವಾ ಅಧಿಕೃತ ಹೇಳಿಕೆಯಾಗಿ ಹೊರಬಂದ ಪ್ರಕರಣಗಳು. ಬಹುಪಾಲು ಅಮೆರಿಕದವು, ಏಕೆಂದರೆ ಮೊದಲು ಜಾಲ ಕಟ್ಟಿ ಮೊದಲು ಪೆಟ್ಟು ತಿಂದವರು ಅವರು, ಆ ಪೆಟ್ಟಿನ ವರದಿಗಳನ್ನು ಪ್ರಕಟಿಸಿದವರೂ ಅವರೇ.

ಏನನ್ನೂ ಬಿಚ್ಚುವ ಮೊದಲು

ಚಿತ್ರದ ಮೇಲೆ ಅನುಮಾನ ಬಂದ ಕೂಡಲೇ, ಆ ಚಿತ್ರವನ್ನು ನಂಬಿ ಗುಂಡು ಹಾರಿಸುವ ವ್ಯವಸ್ಥೆಯನ್ನು ಸ್ವಯಂಚಾಲಿತದಿಂದ ಕೈಚಾಲಿತಕ್ಕೆ ಇಳಿಸಲು ಕಮಾಂಡರ್‌ಗೆ ಹೇಳಿ. ನಿಜವಾದ ಕ್ಷಿಪಣಿ ಬರುತ್ತಿದ್ದರೆ ಕೈಚಾಲಿತದಲ್ಲಿ ಸೆಕೆಂಡುಗಳು ಹೋಗುತ್ತವೆ, ಆದ್ದರಿಂದ ತೀರ್ಮಾನ ಅವರದು. ತಂತ್ರಜ್ಞರ ಕೆಲಸ ಒಂದೇ ವಾಕ್ಯದಲ್ಲಿ ಅನುಮಾನ ಯಾವುದರ ಮೇಲೆ ಎಂದು ತಿಳಿಸುವುದು: ಸಮಯದ ಮೇಲೋ, ಜಾಗದ ಮೇಲೋ, ಗುರುತಿನ ಮೇಲೋ, ಸಂಪರ್ಕದ ಮೇಲೋ. "ಸಿಸ್ಟಂ ಸರಿಯಿಲ್ಲ ಸರ್" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. "ಉತ್ತರದ ರೇಡಾರ್ ಕಳಿಸುವ ಜಾಗ ನಂಬಬೇಡಿ, ಉಳಿದದ್ದು ಸರಿಯಿದೆ" ಎಂದರೆ ಯುದ್ಧ ಮುಂದುವರಿಸಬಹುದು.

ಎರಡನೆಯದು, ಯಂತ್ರ ತಾನೇ ಬರೆದಿಡುವ ದಾಖಲೆಯ (ಲಾಗ್) ನಕಲು ತೆಗೆದಿಡಿ. ಸಮಯವನ್ನು ಜಗತ್ತಿಗೆಲ್ಲ ಒಂದೇ ಆದ ಯುಟಿಸಿಯಲ್ಲೇ ಬರೆಯಿರಿ. ನಮ್ಮ ಗಡಿಯಾರಕ್ಕಿಂತ ಅದು ಐದೂವರೆ ಗಂಟೆ ಹಿಂದೆ. ಎರಡನ್ನೂ ಬೆರೆಸಿದ ಲಾಗ್ ಮುಂದೆ ಯಾವ ತನಿಖೆಗೂ ಬಾರದು. ನಕಲು ಮುಗಿಯುವ ತನಕ ಯಾರೂ ರೀಬೂಟ್ ಮಾಡಕೂಡದು.

ಮೂರನೆಯದು ಬಹಳ ಸರಳ, ಆದರೂ ಇದನ್ನೇ ಬಿಡುತ್ತಾರೆ. ಎಲ್ಲಿದೆ ಎಂದು ಖಚಿತವಾಗಿ ಗೊತ್ತಿರುವ ನಮ್ಮದೇ ಒಂದು ತುಕಡಿಯನ್ನು ಧ್ವನಿ ರೇಡಿಯೋದಲ್ಲಿ ಕರೆದು ಈ ಕ್ಷಣದ ಜಾಗ, ವೇಗ, ದಿಕ್ಕು ಕೇಳಿ. ಪರದೆಯಲ್ಲಿರುವುದರ ಪಕ್ಕದಲ್ಲಿಟ್ಟು ನೋಡಿ. ಎರಡೂ ಹೊಂದಿದರೆ ಜಾಲ ಒಟ್ಟಾರೆ ಸರಿಯಿದೆ, ದೋಷ ಆ ಒಂದು ಚುಕ್ಕೆಯದು. ಹೊಂದದಿದ್ದರೆ ಎಷ್ಟು, ಯಾವ ಕಡೆಗೆ ಸರಿದಿದೆ ಎಂದು ಬರೆದುಕೊಳ್ಳಿ. ಮುಂದಿನ ಹುಡುಕಾಟವೆಲ್ಲ ಆ ಎರಡು ಅಂಕಿಗಳ ಮೇಲೆ ನಿಂತಿದೆ.

ಗಡಿಯಾರ

ಯಾವಾಗಲೂ ಗಡಿಯಾರದಿಂದ ಶುರುಮಾಡಿ. ಜಾಗ, ಗುರುತು, ಗೂಢಲಿಪಿ ಮೂರೂ ಸಮಯದ ಮೇಲೆ ನಿಂತಿರುವುದರಿಂದ ಗಡಿಯಾರ ತಪ್ಪಿದರೆ ಆ ಮೂರೂ ತಪ್ಪಿದಂತೆ ಕಾಣುತ್ತವೆ.

1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಅಮೆರಿಕದ ಸೈನಿಕರು ತಂಗಿದ್ದ ಕಟ್ಟಡಕ್ಕೆ ಬಿದ್ದು 28 ಮಂದಿ ಸತ್ತರು. ಅಲ್ಲಿದ್ದ ಪೇಟ್ರಿಯಟ್ ಎಂಬ ಅಮೆರಿಕದ ಕ್ಷಿಪಣಿ ನಿರೋಧಕ ಘಟಕ ಅದರ ಮೇಲೆ ಕ್ಷಿಪಣಿ ಹಾರಿಸಲೇ ಇಲ್ಲ. ಅದರ ಕಂಪ್ಯೂಟರ್ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು. ಹತ್ತನೇ ಒಂದು ಎಂಬ ಭಿನ್ನರಾಶಿ ದ್ವಿಮಾನ ಪದ್ಧತಿಯಲ್ಲಿ ಎಂದೂ ಪೂರ್ತಿಯಾಗದು. 24 ಬಿಟ್‌ಗೆ ಕತ್ತರಿಸಿದಾಗ ಪ್ರತಿ ಎಣಿಕೆಯಲ್ಲೂ ಒಂದು ಸಣ್ಣ ಚೂರು ಬಿಟ್ಟುಹೋಗುತ್ತಿತ್ತು. 8 ಗಂಟೆ ಓಡಿದರೆ ರೇಡಾರ್ ಮುಂದಿನ ಸಲ ನೋಡಬೇಕಾದ ಜಾಗ 55 ಮೀಟರ್ ಸರಿಯುತ್ತಿತ್ತು, 20 ಗಂಟೆಗೆ 137 ಮೀಟರ್. ಆ ದಿನ ಯಂತ್ರ ಸುಮಾರು 100 ಗಂಟೆಯಿಂದ ನಿಲ್ಲದೆ ಓಡುತ್ತಿತ್ತು. ಗಡಿಯಾರದ ತಪ್ಪು 0.3433 ಸೆಕೆಂಡು, ನೋಟದ ತಪ್ಪು 687 ಮೀಟರ್. ರೇಡಾರ್ ಖಾಲಿ ಆಕಾಶವನ್ನು ನೋಡಿ ಅಲ್ಲೇನೂ ಇಲ್ಲವೆಂದು ತೀರ್ಮಾನಿಸಿತು. ಎಚ್ಚರಿಕೆಯ ದೀಪ ಯಾವುದೂ ಹತ್ತಲಿಲ್ಲ, ಏಕೆಂದರೆ ಯಂತ್ರದ ಮಟ್ಟಿಗೆ ಏನೂ ಕೆಟ್ಟಿರಲಿಲ್ಲ.

ಆ ಯಂತ್ರವನ್ನು ರೀಬೂಟ್ ಮಾಡಲು ಬೇಕಾಗಿದ್ದುದು 60ರಿಂದ 90 ಸೆಕೆಂಡು. ಅಷ್ಟು ಹೊತ್ತು ಘಟಕ ಕುರುಡು, ನಿಜ. ಆ ಕುರುಡುತನವನ್ನು ಪಕ್ಕದ ಘಟಕ ಕಾಯುತ್ತಿರುವಾಗ, ನಾವೇ ಆರಿಸಿದ ಹೊತ್ತಿನಲ್ಲಿ ಅನುಭವಿಸುವುದು ಸರಿಯಾದ ವ್ಯವಹಾರ. "ಇಷ್ಟು ದಿನದಿಂದ ಒಮ್ಮೆಯೂ ನಿಂತಿಲ್ಲ" ಎಂಬುದನ್ನು ಹೆಮ್ಮೆಯ ಮಾತಾಗಿ ವರದಿ ಮಾಡುವ ಕಡೆ ಮೊದಲು ಗಡಿಯಾರ ನೋಡಬೇಕು.

ಪರೀಕ್ಷೆಯ ಕ್ರಮ ಹೀಗಿರಲಿ. ಪ್ರತಿ ಘಟಕ ಎಷ್ಟು ಗಂಟೆಯಿಂದ ಓಡುತ್ತಿದೆ ಎಂದು ಬರೆದು, ಹೆಚ್ಚು ಓಡಿದ್ದನ್ನು ಮೊದಲು ಹಿಡಿಯಿರಿ. ಅದರ ಸೆಕೆಂಡಿನ ಮಿಡಿತವನ್ನು ಉಪಗ್ರಹ ಗ್ರಾಹಕದ ಮಿಡಿತದ ಜೊತೆ ಆಸಿಲೋಸ್ಕೋಪ್‌ನಲ್ಲಿ ಹೋಲಿಸಿ. ವ್ಯತ್ಯಾಸ ಒಂದು ಮೈಕ್ರೋಸೆಕೆಂಡ್ ಆದರೆ ರೇಡಿಯೋ ಅಳತೆಯಲ್ಲಿ 300 ಮೀಟರ್. ವ್ಯತ್ಯಾಸ ಪೂರ್ಣ ಸೆಕೆಂಡುಗಳಲ್ಲಿದ್ದು, ಅದೂ ಸರಿಯಾಗಿ 18 ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ: ಒಂದು ಕಡೆ ಜಿಪಿಎಸ್ ಸಮಯ, ಇನ್ನೊಂದು ಕಡೆ ಯುಟಿಸಿ ಇದೆ. 2017ರ ಜನವರಿ 1ರಿಂದ ಇವೆರಡರ ನಡುವೆ 18 ಸೆಕೆಂಡಿನ ಅಂತರವಿದೆ. ಸೆಕೆಂಡಿಗೆ 250 ಮೀಟರ್ ಹೋಗುವ ವಿಮಾನಕ್ಕೆ ಅದು ನಾಲ್ಕೂವರೆ ಕಿಲೋಮೀಟರ್.

ಉಪಗ್ರಹದ ಸಂಕೇತ ಸಿಗದ ಜಾಗದಲ್ಲಿ ಗಡಿಯಾರ ತನ್ನ ಸ್ಫಟಿಕದ ಮೇಲೇ ಓಡಬೇಕು. ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪುವ ಸಾಮಾನ್ಯ ಸ್ಫಟಿಕ ದಿನಕ್ಕೆ 86 ಮಿಲಿಸೆಕೆಂಡ್ ಜಾರುತ್ತದೆ. ನ್ಯಾಟೋ ದೇಶಗಳ ಲಿಂಕ್-16 ರೇಡಿಯೋ ಜಾಲದಲ್ಲಿ ಒಂದು ಟೈಮ್ ಸ್ಲಾಟ್ (ಒಂದು ರೇಡಿಯೋ ಮಾತಾಡುವ ಸರದಿ) 7.8125 ಮಿಲಿಸೆಕೆಂಡ್, ಸೆಕೆಂಡಿಗೆ 128 ಸ್ಲಾಟ್. ಜಾಲದ ಸಮಯಕ್ಕೆ ತನ್ನನ್ನು ತಿದ್ದಿಕೊಳ್ಳದ ರೇಡಿಯೋ ಅಂಥ ಸ್ಫಟಿಕದ ಮೇಲೆ ಒಂದೇ ದಿನದಲ್ಲಿ ಹನ್ನೊಂದು ಸ್ಲಾಟ್ ಆಚೆಗೆ ಹೋಗಿರುತ್ತದೆ. ರುಬಿಡಿಯಂ ಗಡಿಯಾರ ಹಾಕಿದರೆ ಜಾರುವಿಕೆ ಸಾವಿರಾರು ಪಟ್ಟು ಇಳಿಯುತ್ತದೆ. ಬೆಲೆ, ತೂಕ, ವಿದ್ಯುತ್ ಏರುತ್ತವೆ. ಹಾಗೆಂದು ಅದು ಕೆಡುವುದೇ ಇಲ್ಲವೆಂದಲ್ಲ. ಇಸ್ರೋದ ಮೊದಲ ನಾವಿಕ್ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ಹೊತ್ತಿದ್ದ ಮೂರು ರುಬಿಡಿಯಂ ಗಡಿಯಾರಗಳೂ ಕೆಟ್ಟು, ಉಪಗ್ರಹ ಜೀವಂತವಿದ್ದೂ ಸ್ಥಾನ ಹೇಳುವ ಕೆಲಸಕ್ಕೆ ಬಾರದಾಯಿತು.

ಇನ್ನೊಂದು ಲಕ್ಷಣ ಗುರುತಿಟ್ಟುಕೊಳ್ಳಿ. ಎಲ್ಲ ರೇಡಿಯೋಗಳ ದೀಪವೂ ಹಸಿರು, ಆದರೆ ಅರ್ಧ ತುಕಡಿಗಳಿಗೆ ಇನ್ನರ್ಧ ಕಾಣುತ್ತಿಲ್ಲ. ಇಂಥ ಜಾಲದಲ್ಲಿ ಸಮಯ ಹೇಳುವ ಯಜಮಾನ ಒಬ್ಬನೇ ಇರಬೇಕು. ಬದಲಿಯಾಗಿ ಇಟ್ಟಿದ್ದ ಎರಡನೆಯವನೂ ಯಜಮಾನನಾಗಿ ಕೂತಿದ್ದಾನೆ, ಜಾಲ ಎರಡಾಗಿ ಒಡೆದಿದೆ. ಒಬ್ಬನನ್ನು ಇಳಿಸಿ, ಅವನ ಹಿಂದೆ ಹೋದವರೆಲ್ಲ ಹೊಸದಾಗಿ ಜಾಲ ಸೇರುವಂತೆ ಮಾಡಿ. ಆಸರೆಗೆಂದು ಇಟ್ಟದ್ದೇ ದೋಷವಾಗುವ ಬಗೆ ಇದು.

ಒಂದು ವಿಮಾನ, ಎರಡು ಚುಕ್ಕೆ

ಗಡಿಯಾರಗಳು ಸರಿಯಿದ್ದೂ ಒಂದೇ ವಿಮಾನ ಎರಡಾಗಿ ಕಂಡರೆ ಎರಡು ರೇಡಾರ್‌ಗಳ ನಡುವೆ ಹೊಂದಾಣಿಕೆ ತಪ್ಪಿದೆ. ಇಲ್ಲಿ ತಪ್ಪಿನ ಆಕಾರವನ್ನು ಓದಬೇಕು. ಹೆಚ್ಚಿನವರು ಒಂದು ಚುಕ್ಕೆಯನ್ನು ಅಳಿಸಿ ಸುಮ್ಮನಾಗುತ್ತಾರೆ. ಹತ್ತು ಸೆಕೆಂಡಿನಲ್ಲಿ ಅದು ಹೊಸ ಸಂಖ್ಯೆ ಹೊತ್ತು ಮತ್ತೆ ಬರುತ್ತದೆ, ಹಳೆಯ ಸಂಖ್ಯೆ ಇನ್ಯಾವುದಕ್ಕೋ ಅಂಟಿಕೊಳ್ಳುತ್ತದೆ. ಅಪಾಯ ಹೆಚ್ಚುವುದು ಹಾಗೆಯೇ.

ಎರಡನೇ ಚುಕ್ಕೆ ಮೊದಲನೆಯದರ ಹಿಂದೆ, ಅದು ಹೋಗುವ ದಾರಿಯಲ್ಲೇ ಬಾಲದಂತೆ ಬರುತ್ತಿದ್ದರೆ, ವೇಗದ ವಿಮಾನಕ್ಕೆ ಅಂತರ ಹೆಚ್ಚು, ನಿಂತ ಹೆಲಿಕಾಪ್ಟರ್‌ಗೆ ಸೊನ್ನೆ ಇದ್ದರೆ, ತಪ್ಪು ಸಮಯದ್ದೇ. ಗಡಿಯಾರ ಸರಿಯಿದ್ದರೆ ದಾರಿಯಲ್ಲಿ ಸಂದೇಶ ತಡವಾಗುತ್ತಿದೆ. ಎಲ್ಲ ಚುಕ್ಕೆಗಳೂ ಒಂದೇ ದಿಕ್ಕಿಗೆ ಒಂದೇ ದೂರ ಸರಿದಿದ್ದರೆ ರೇಡಾರ್ ತಾನು ನಿಂತ ಜಾಗವನ್ನೇ ತಪ್ಪು ತಿಳಿದಿದೆ. ನಿರ್ದೇಶಾಂಕ ಕೈಯಲ್ಲಿ ಹಾಕುವಾಗ ಅಂಕಿ ಅದಲುಬದಲಾಗಿರಬಹುದು. ನಮ್ಮಲ್ಲಿ ಇನ್ನೊಂದು ಸಾಧ್ಯತೆಯಿದೆ: ಸರ್ವೇ ಆಫ್ ಇಂಡಿಯಾದ ಹಳೆಯ ನಕ್ಷೆಗಳು ಭೂಮಿಯ ಆಕಾರದ ಎವರೆಸ್ಟ್ ಎಂಬ ಹಳೆಯ ಲೆಕ್ಕದ ಮೇಲಿವೆ, ಉಪಗ್ರಹ ಗ್ರಾಹಕಗಳು ಡಬ್ಲ್ಯುಜಿಎಸ್-84 ಎಂಬ ಹೊಸ ಲೆಕ್ಕದ ಮೇಲೆ. ಪರಿವರ್ತಿಸದೆ ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಿದರೆ ಫಿರಂಗಿ ಗುರಿ ತಪ್ಪಲು ಅಷ್ಟೇ ಸಾಕು. ಇನ್ನು ಚುಕ್ಕೆಗಳ ಅಂತರ ರೇಡಾರ್‌ನಿಂದ ದೂರ ಹೋದಷ್ಟೂ ಬೆಳೆಯುತ್ತಿದ್ದರೆ ಉತ್ತರ ದಿಕ್ಕಿನ ಹೊಂದಾಣಿಕೆ ತಿರುಗಿದೆ. ಒಂದು ಡಿಗ್ರಿ ತಪ್ಪು 100 ಕಿಲೋಮೀಟರ್ ದೂರದಲ್ಲಿ 1.7 ಕಿಲೋಮೀಟರ್ ಆಗುತ್ತದೆ. ಕಾಂತೀಯ ಉತ್ತರವನ್ನು ನಿಜ ಉತ್ತರವೆಂದು ಕೊಟ್ಟಿದ್ದಾರೆಯೇ ಎಂದು ಮೊದಲು ಕೇಳಿ, ಆಮೇಲೆ ಆಂಟೆನಾದ ಬುಡಕ್ಕೆ ಹೋಗಿ.

ಸಂಖ್ಯೆ ಬದಲಾಗುವುದನ್ನು ಹಗುರವಾಗಿ ನೋಡಬೇಡಿ. 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಇರಾನ್ ಏರ್‌ನ 655ನೇ ವಿಮಾನವನ್ನು ಹೊಡೆದುರುಳಿಸಿ 290 ಮಂದಿ ಸತ್ತರು. ಜಾಲದಲ್ಲಿದ್ದ ಎರಡು ಹಡಗುಗಳು ಒಂದೇ ವಿಮಾನಕ್ಕೆ ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದವು. ವ್ಯವಸ್ಥೆ ಎರಡನ್ನೂ ಸೇರಿಸಿ 4474ರ ಬದಲು 4131 ಉಳಿಸಿಕೊಂಡಿತು. ಖಾಲಿಯಾದ 4474 ದೂರದಲ್ಲಿ ಕೆಳಗಿಳಿಯುತ್ತಿದ್ದ ಬೇರೊಂದು ಯುದ್ಧ ವಿಮಾನಕ್ಕೆ ಹೋಯಿತು. ಹಡಗಿನ ದಾಖಲೆಯ ಟೇಪಿನಲ್ಲಿ ಪ್ರಯಾಣಿಕ ವಿಮಾನ ಏರುತ್ತಲೇ ಇತ್ತು. ಕೋಣೆಯಲ್ಲಿ ಮಾತ್ರ ಅದು ಇಳಿಯುತ್ತಿದೆ ಎಂಬ ಕೂಗು ಎದ್ದಿತ್ತು. ದೊಡ್ಡ ಪರದೆಯಲ್ಲಿ ಎತ್ತರ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತೋರಿಸುವ ಗುರುತೇ ಇರಲಿಲ್ಲ. ಅಂಕಿಗಳನ್ನು ಓದಿ ಮನಸ್ಸಿನಲ್ಲೇ ಲೆಕ್ಕ ಹಾಕಬೇಕಿತ್ತು. ಜಾಲದ ದತ್ತಾಂಶ ಸರಿಯಿದ್ದೂ ಅದನ್ನು ತೋರಿಸುವ ರೀತಿ ಕೆಟ್ಟಿದ್ದರೆ ಅದನ್ನೂ ದೋಷವೆಂದೇ ದಾಖಲಿಸಿ. ಆಪರೇಟರ್ ತಪ್ಪು ಎಂದು ಬರೆದು ಮುಗಿಸಿದರೆ ಮುಂದಿನ ಆಪರೇಟರ್ ಅದೇ ಹಳ್ಳಕ್ಕೆ ಬೀಳುತ್ತಾನೆ.

ಉತ್ತರ ಬರದ ವಿಮಾನ

ಐಎಫ್‌ಎಫ್ ಎಂಬ ಗುರುತಿನ ಪೆಟ್ಟಿಗೆ ರೇಡಿಯೋದಲ್ಲಿ ಕೇಳಿದಾಗ ಕೋಡ್ ಕಳಿಸಿ "ನಾನು ನಿಮ್ಮವನು" ಎಂದು ಹೇಳಬಲ್ಲದು. "ನಾನು ಶತ್ರು" ಎಂದು ಯಾವ ಪೆಟ್ಟಿಗೆಯೂ ಹೇಳದು. ಉತ್ತರ ಬರಲಿಲ್ಲ ಎಂದರೆ ಉತ್ತರ ಬರಲಿಲ್ಲ ಎಂದಷ್ಟೇ ಅರ್ಥ. ಕೇಳುವ ಕಡೆ, ಹೇಳುವ ಕಡೆ, ಕೋಡ್ ಹಂಚುವ ಕಡೆ ಮೂರನ್ನೂ ನೋಡಿ.

ಕೋಡ್ ಹಂಚುವ ಕಡೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1994ರ ಏಪ್ರಿಲ್ 14ರ ಉತ್ತರ ಇರಾಕಿನ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಅಮೆರಿಕದ ಎರಡು ಎಫ್-15ಗಳು ಅಮೆರಿಕದ್ದೇ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳನ್ನು ಉರುಳಿಸಿದವು. ಸತ್ತವರು 26. ಮೇಲೆ ಹಾರುತ್ತಿದ್ದ ಅವಾಕ್ಸ್ ರೇಡಾರ್ ವಿಮಾನದಲ್ಲಿ ಇಡೀ ಪ್ರದೇಶದ ಚಿತ್ರವಿತ್ತು. ಹಾರಾಟ ನಿಷೇಧಿತ ವಲಯದೊಳಗೆ ಬಂದಾಗ ಕೋಡ್ ಬದಲಿಸಬೇಕೆಂಬ ಆದೇಶ ವಾಯುಪಡೆಯ ಕಾಗದದಲ್ಲಿತ್ತು. ಭೂಸೇನೆಯ ಹೆಲಿಕಾಪ್ಟರ್‌ಗಳಿಗೆ ತಿಳಿದಿರಲಿಲ್ಲ. ಅವು ವಲಯದ ಹೊರಗಿನ ಕೋಡ್‌ನಲ್ಲೇ ಇದ್ದವು, ರೇಡಿಯೋದಲ್ಲೂ ಹೊರಗಿನ ಆವರ್ತಾಂಕದಲ್ಲೇ ಇದ್ದವು. ಎಫ್-15ಗಳು ಮಾತಾಡುತ್ತಿದ್ದುದು ಬೇರೆ ಆವರ್ತಾಂಕದಲ್ಲಿ. ಪೆಟ್ಟಿಗೆಗಳನ್ನೆಲ್ಲ ಬೆಂಚಿನ ಮೇಲಿಟ್ಟು ಪರೀಕ್ಷಿಸಿದ್ದರೂ ಈ ದೋಷ ಸಿಗುತ್ತಿರಲಿಲ್ಲ. ಆದ್ದರಿಂದ ಎರಡೂ ಕಡೆಯ ಆ ದಿನದ ಆದೇಶ ಪತ್ರ ತರಿಸಿ ಅಕ್ಕಪಕ್ಕ ಇಟ್ಟು, ಕೋಡ್, ವಲಯದ ಗಡಿ, ಬದಲಾಗುವ ಸಮಯ, ಆವರ್ತಾಂಕ ಈ ನಾಲ್ಕನ್ನು ಸಾಲು ಸಾಲಾಗಿ ಹೋಲಿಸಿ.

ಕೇಳುವ ಕಡೆಯ ತಪ್ಪು: 2003ರ ಮಾರ್ಚ್ 23ರಂದು ಕುವೈತ್ ಗಡಿಯ ಬಳಿ ಪೇಟ್ರಿಯಟ್ ಘಟಕವೊಂದು ಬ್ರಿಟನ್ನಿನ ಟಾರ್ನೇಡೋ ವಿಮಾನವನ್ನು ರೇಡಾರ್ ನಾಶಕ ಕ್ಷಿಪಣಿಯೆಂದು ವರ್ಗೀಕರಿಸಿ ಹೊಡೆಯಿತು. ಅದರಲ್ಲಿದ್ದ ಪೈಲಟ್ ಮತ್ತು ನ್ಯಾವಿಗೇಟರ್ ಇಬ್ಬರೂ ಸತ್ತರು. ವಿಮಾನದ ಐಎಫ್‌ಎಫ್ ಕೆಲಸ ಮಾಡುತ್ತಿರಲಿಲ್ಲ. ಘಟಕದಲ್ಲಿ ಒಂದು ಬಗೆಯ ಕೋಡ್ ತುಂಬಿರಲಿಲ್ಲ. ಆ ಘಟಕವನ್ನು ಜಾಲಕ್ಕೆ ಸೇರಿಸುವ ಸಂಪರ್ಕ ಸಾಮಗ್ರಿ ಇನ್ನೂ ಅಮೆರಿಕದಿಂದ ಬರುವ ದಾರಿಯಲ್ಲಿತ್ತು. ಜಾಲಕ್ಕೆಂದೇ ವಿನ್ಯಾಸಗೊಂಡ ಶಸ್ತ್ರ ಒಂಟಿಯಾಗಿ ನಿಂತು, ಜಾಲ ಇದ್ದಾಗಿನ ನಿಯಮಗಳಲ್ಲೇ ಗುಂಡು ಹಾರಿಸಿತು. ಇಂಥ ಘಟಕ ಕೊಂಡಿ ಕಳೆದುಕೊಂಡರೆ ಅದರ ಗುಂಡು ಹಾರಿಸುವ ಹಕ್ಕೂ ಆ ಕ್ಷಣವೇ ಕಿರಿದಾಗಬೇಕು: ತನಗೇ ಅಪಾಯ ಬಂದರೆ ಮಾತ್ರ, ಅದೂ ಇಬ್ಬರು ಒಪ್ಪಿದರೆ ಮಾತ್ರ. ಈ ನಿಯಮ ಬರೆದು ಕ್ಯಾಬಿನ್ನಿನಲ್ಲಿ ಅಂಟಿಸಿದೆಯೇ ಎಂದು ನೋಡುವುದೂ ತಾಂತ್ರಿಕ ತಪಾಸಣೆಯ ಭಾಗವೇ.

ನಮಗೂ ಇದು ಹೊರಗಿನ ಕತೆಯಲ್ಲ. 2019ರ ಫೆಬ್ರವರಿ 27ರಂದು ಶ್ರೀನಗರದ ಪಕ್ಕದ ಬಡಗಾಮ್‌ನಲ್ಲಿ ನಮ್ಮ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ನಮ್ಮದೇ ಕ್ಷಿಪಣಿಗೆ ಬಲಿಯಾಯಿತು. ಆರು ಮಂದಿ ಸಿಬ್ಬಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಅದು ದೊಡ್ಡ ತಪ್ಪು ಎಂದು ವಾಯುಪಡೆಯ ಮುಖ್ಯಸ್ಥರೇ ಆ ವರ್ಷದ ಅಕ್ಟೋಬರ್‌ನಲ್ಲಿ ಬಹಿರಂಗವಾಗಿ ಹೇಳಿದರು.

ಕೊಂಡಿ ನಿಧಾನವಾದಾಗ

ಜಾಲ ನಿಧಾನವಾಯಿತೆಂದರೆ ಹೆಚ್ಚು ಬ್ಯಾಂಡ್‌ವಿಡ್ತ್ ಕೊಡಿ ಎಂಬ ಬೇಡಿಕೆ ಮೊದಲು ಏಳುತ್ತದೆ. ಅದಕ್ಕೆ ಮೊದಲು ಪೆನ್ಸಿಲ್ ಹಿಡಿಯಿರಿ. ಸೆಕೆಂಡಿಗೆ 2,400 ಬಿಟ್ ಸಾಗಿಸುವ ಕಾಳಗ ರೇಡಿಯೋದಲ್ಲಿ 140 ಬೈಟಿನ ಒಂದು ಸ್ಥಾನ ವರದಿ ಅರ್ಧ ಸೆಕೆಂಡಿನಲ್ಲಿ ಹೋಗುತ್ತದೆ. ನೂರು ವಾಹನಗಳು ಪ್ರತಿ 30 ಸೆಕೆಂಡಿಗೊಮ್ಮೆ ವರದಿ ಕಳಿಸಿದರೆ ಬೇಕಾಗುವುದು ಸೆಕೆಂಡಿಗೆ ಸುಮಾರು 3,700 ಬಿಟ್. ಜಾಲ ತುಂಬಿ ಹರಿಯಿತು, ಸರದಿ ಬೆಳೆಯಿತು, ಪರದೆಯ ಚುಕ್ಕೆಗಳು ನಿಮಿಷ ನಿಮಿಷಕ್ಕೂ ಹಳೆಯದಾಗುತ್ತ ಹೋದವು. ಯಾವ ಪೆಟ್ಟಿಗೆಯೂ ಕೆಟ್ಟಿಲ್ಲ. ವರದಿಯ ಅವಧಿಯನ್ನು 60 ಸೆಕೆಂಡಿಗೆ ಏರಿಸಿದರೆ, ಅಥವಾ ವಾಹನ 200 ಮೀಟರ್ ಸರಿದಾಗ ಮಾತ್ರ ಕಳಿಸು ಎಂದರೆ, ಅದೇ ರೇಡಿಯೋ ಸಾಕು. ಇದೇ ಕೊಂಡಿಯಲ್ಲಿ ಯಾರೋ 2 ಮೆಗಾಬೈಟಿನ ಫೋಟೋ ಹಾಕಿದರೆ ಅದೊಂದೇ ಹೋಗಲು ಒಂದು ಗಂಟೆ ಐವತ್ತು ನಿಮಿಷ ಬೇಕು. ಆದ್ಯತೆಯ ಪಟ್ಟಿಯಲ್ಲಿ ಗುಂಡಿನ ಆದೇಶ, ಸ್ಥಾನ ವರದಿ, ಪಠ್ಯ, ಕೊನೆಗೆ ಚಿತ್ರ ಎಂಬ ಕ್ರಮವಿದೆಯೇ ಎಂದು ನೋಡಿ.

ಉಪಗ್ರಹದ ಕೊಂಡಿಯಲ್ಲಿ ಬೇರೆ ತೊಡಕು. ಭೂಸ್ಥಿರ ಉಪಗ್ರಹ 35,786 ಕಿಲೋಮೀಟರ್ ಮೇಲಿದೆ. ಹೋಗಿ ಉತ್ತರ ಬರಲು ಸುಮಾರು 0.6 ಸೆಕೆಂಡು ಹಿಡಿಯುತ್ತದೆ. 64 ಕಿಲೋಬೈಟಿಗೊಮ್ಮೆ ಉತ್ತರಕ್ಕೆ ಕಾಯುವ ಹಳೆಯ ತಂತ್ರಾಂಶ ಅಲ್ಲಿ ಸೆಕೆಂಡಿಗೆ ಒಂದು ಮೆಗಾಬಿಟ್ಟೂ ದಾಟದು, ಕೊಂಡಿ ಹತ್ತು ಮೆಗಾಬಿಟ್ಟಿನದಾಗಿದ್ದರೂ. ಬಾಡಿಗೆ ಹೆಚ್ಚಿಸಿದರೆ ಹಣ ಹೋಗುತ್ತದೆ, ವೇಗ ಬರುವುದಿಲ್ಲ. ಉತ್ತರಕ್ಕೆ ಕಾಯದೆ ಕಳಿಸಬಹುದಾದ ಪಾಲು, ಅಂದರೆ ವಿಂಡೋ ಗಾತ್ರ ಹೆಚ್ಚಿಸಬೇಕು.

2003ರ ಏಪ್ರಿಲ್‌ನಲ್ಲಿ ಬಾಗ್ದಾದಿನ ನೈಋತ್ಯಕ್ಕೆ ಯೂಫ್ರಟೀಸ್ ಸೇತುವೆ ಹಿಡಿದ ಅಮೆರಿಕದ ಟ್ಯಾಂಕ್ ದಳದ ಮೇಲೆ ಇರಾಕಿ ಪಡೆಗಳು ರಾತ್ರಿ ಎರಗಿದಾಗ ದಳಕ್ಕೆ ಮುನ್ಸೂಚನೆ ಬಹುತೇಕ ಇರಲಿಲ್ಲ. ಮೇಲಿನ ಕಚೇರಿಗಳಲ್ಲಿ ಮಾಹಿತಿಯ ಕೊರತೆಯಿರಲಿಲ್ಲ. ಓಡುತ್ತಿದ್ದ ದಳಗಳಿಗೆ ಅದನ್ನು ತಲುಪಿಸುವ ನೆಲದ ಜಾಲ ನಿಂತಲ್ಲಿ ಮಾತ್ರ ಕೆಲಸ ಮಾಡುವಂಥದ್ದು. ಆದರೆ ಉಪಗ್ರಹದ ಮೂಲಕ ಪುಟ್ಟ ಸಂದೇಶಗಳಲ್ಲಿ ತಮ್ಮವರ ಜಾಗ ಹೇಳುತ್ತಿದ್ದ ಸರಳ ಪೆಟ್ಟಿಗೆ ಅದೇ ಯುದ್ಧದಲ್ಲಿ ಚೆನ್ನಾಗಿ ದುಡಿಯಿತು. ಜಾಲ ಪರೀಕ್ಷಿಸುವಾಗ ಕಚೇರಿಯ ಪರದೆ ನೋಡಿ ಸಮಾಧಾನ ಪಡಬೇಡಿ. ಓಡುವ ವಾಹನದೊಳಗೆ ಕೂತು, ಗುಡ್ಡದ ಹಿಂದೆ ಹೋಗಿ ನೋಡಿ.

ಜಾಮಿಂಗೋ, ಕೀಯೋ, ಕೇಬಲ್ಲೋ

ಸಂಪರ್ಕ ಪೂರ್ತಿ ಹೋದರೆ ಶತ್ರು ಜಾಮ್ ಮಾಡುತ್ತಿದ್ದಾನೆ ಎಂಬ ತೀರ್ಮಾನ ಬಲು ಬೇಗ ಬರುತ್ತದೆ. ಆಂಟೆನಾ ಕೇಬಲ್ ಬಿಚ್ಚಿ, ಅಲ್ಲಿ ಡಮ್ಮಿ ಲೋಡ್ (ಆಂಟೆನಾದ ಬದಲು ಹಾಕುವ ರೋಧಕ) ಹಾಕಿ ಗದ್ದಲದ ಮಟ್ಟ ನೋಡಿ. ಕೂಡಲೇ ಇಳಿದರೆ ಗದ್ದಲ ಹೊರಗಿನದು; ಅದು ಶತ್ರುವಿನದೂ ಆಗಿರಬಹುದು, ಪಕ್ಕದಲ್ಲಿ ನಿಂತ ನಮ್ಮದೇ ಜಾಮರ್ ಅಥವಾ ಜನರೇಟರ್‌ನದೂ ಆಗಿರಬಹುದು. ಇಳಿಯದಿದ್ದರೆ ದೋಷ ಪೆಟ್ಟಿಗೆಯೊಳಗಿದೆ. ಗದ್ದಲ ಸಹಜವಿದ್ದು ಸಂಕೇತ ಬಲವಾಗಿಯೇ ಬರುತ್ತಿದೆ, ಆದರೆ ಒಂದಕ್ಷರವೂ ಬಿಡಿಸಲಾಗುತ್ತಿಲ್ಲ ಎಂದರೆ ಗೂಢಲಿಪಿ ಬಿಡಿಸುವ ಗುಪ್ತ ಸಂಖ್ಯೆ, ಅಂದರೆ ಕೀ ತಪ್ಪಿದೆ. ಯುಟಿಸಿ ಮಧ್ಯರಾತ್ರಿಗೆ ಕೀ ಬದಲಾಗುವ ವ್ಯವಸ್ಥೆಯಲ್ಲಿ ಆ ಹೊತ್ತು ನಮ್ಮಲ್ಲಿ ಬೆಳಗಿನ ಐದೂವರೆ. ಪ್ರತಿದಿನ ಅದೇ ಹೊತ್ತಿಗೆ ಒಂದೇ ತುಕಡಿ ಕಾಣೆಯಾದರೆ ಹುಡುಕಬೇಕಾದ್ದು ಕೀ ತುಂಬುವವರ ದಾಖಲೆ ಪುಸ್ತಕದಲ್ಲಿ.

ಕೀ ಹಂಚುವ ಕಷ್ಟ ನೋಡಿ ಗೂಢಲಿಪಿಯನ್ನೇ ಬಿಟ್ಟರೆ? ಅಮೆರಿಕದ ಪ್ರಿಡೇಟರ್ ಡ್ರೋನ್‌ನ ವಿಡಿಯೋ ಕೊಂಡಿಗೆ ರಕ್ಷಣೆ ಇರಲಿಲ್ಲ. 26 ಡಾಲರಿನ ತಂತ್ರಾಂಶದಿಂದ ಇರಾಕಿನ ಬಂಡುಕೋರರು ಅದನ್ನು ನೋಡುತ್ತಿದ್ದುದು 2009ರಲ್ಲಿ ಬಯಲಾಯಿತು.

ತಂತ್ರಾಂಶ, ಅಪ್‌ಡೇಟ್, ಬ್ಯಾಟರಿ

ಬ್ಯಾಟರಿ ಬದಲಿಸಿದ ಕೂಡಲೇ ಯಂತ್ರ ಏನನ್ನು ತೋರಿಸುತ್ತದೆ ಎಂಬುದನ್ನು ಪ್ರತಿ ಮಾದರಿಗೂ ಪರೀಕ್ಷಿಸಿ ಬರೆದಿಡಿ. 2001ರ ಡಿಸೆಂಬರ್ 5ರಂದು ಕಂದಹಾರದ ಬಳಿ ಅಮೆರಿಕದ ನಿಯಂತ್ರಕನೊಬ್ಬ ಶತ್ರುವಿನ ಜಾಗ ಲೆಕ್ಕ ಹಾಕಿದ ಮೇಲೆ ಜಿಪಿಎಸ್ ಗ್ರಾಹಕದ ಬ್ಯಾಟರಿ ಬದಲಿಸಿದ. ಯಂತ್ರ ಮತ್ತೆ ಹತ್ತಿದಾಗ ತಾನು ನಿಂತ ಜಾಗವನ್ನೇ ತೋರಿಸಿತು. ಆ ಅಂಕಿಯನ್ನು ಬಾಂಬರ್‌ಗೆ ಕೊಟ್ಟದ್ದರಿಂದ 2,000 ಪೌಂಡಿನ ಬಾಂಬ್ ತಮ್ಮವರ ಮೇಲೇ ಬಿದ್ದು ಮೂವರು ಅಮೆರಿಕನ್ ಸೈನಿಕರೂ ಜೊತೆಗಿದ್ದ ಆಫ್ಘನ್ನರೂ ಸತ್ತರು. ಗುರಿಯ ಅಂಕಿಗೂ ಸ್ವಂತ ಜಾಗದ ಅಂಕಿಗೂ ಪರದೆಯಲ್ಲಿ ಬೇರೆ ಬಣ್ಣವಿರಬೇಕು. ಅವೆರಡರ ಅಂತರ ಸ್ಫೋಟದ ವ್ಯಾಪ್ತಿಯೊಳಗಿದ್ದರೆ ಯಂತ್ರ ಸಂದೇಶ ಕಳಿಸಲು ಒಪ್ಪಬಾರದು.

ಕೈಯಿಂದ ತುಂಬುವ ಪ್ರತಿ ಕಲಂಗೂ ಸೊನ್ನೆ, ಋಣಸಂಖ್ಯೆ, ಖಾಲಿ ಹಾಕಿ ನೋಡಿ. 1997ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಯಾರ್ಕ್‌ಟೌನ್ ಹಡಗಿನ ದತ್ತಕೋಶದಲ್ಲಿ ಒಂದು ಸೊನ್ನೆ ಬಿತ್ತು. ಕಂಪ್ಯೂಟರ್ ಅದರಿಂದ ಭಾಗಿಸಲು ಹೋಯಿತು. ದೋಷ ಹಡಗಿನ ಜಾಲದುದ್ದಕ್ಕೂ ಹರಡಿ ಎಂಜಿನ್ ನಿಯಂತ್ರಣ ಸತ್ತು, ಎರಡು ಮುಕ್ಕಾಲು ಗಂಟೆ ಹಡಗು ನೀರಿನಲ್ಲಿ ನಿಶ್ಚಲವಾಗಿತ್ತು. ಸಿಬ್ಬಂದಿ ಕಡಿಮೆ ಮಾಡಲೆಂದೇ ಆ ಜಾಲ ಹಾಕಿದ್ದರು. 

ಅಪ್‌ಡೇಟ್ ವಿಷಯದಲ್ಲಿ ಎರಡೂ ಕಡೆ ನಷ್ಟವಿದೆ. ತಡಮಾಡಿದರೆ ಗೊತ್ತಿರುವ ರಂಧ್ರ ತೆರೆದೇ ಇರುತ್ತದೆ. ಆತುರಪಟ್ಟರೆ, 2010ರ ಜನವರಿಯಲ್ಲಿ ಜಿಪಿಎಸ್‌ನ ನೆಲದ ಕೇಂದ್ರದಲ್ಲಿ ಹೊಸ ತಂತ್ರಾಂಶ ಹಾಕಿದಾಗ ಆದಂತೆ, ಸಾವಿರಾರು ಸೇನಾ ಗ್ರಾಹಕಗಳು ಒಮ್ಮೆಲೇ ನಿಲ್ಲುತ್ತವೆ. ಆ ಮಾದರಿಯ ಗ್ರಾಹಕವನ್ನು ಮುಂಚೆ ಪರೀಕ್ಷೆಗೆ ಇಟ್ಟಿರಲೇ ಇಲ್ಲ. ಜಾಲದಲ್ಲಿರುವ ಪ್ರತಿ ಮಾದರಿಯ ಒಂದೊಂದು ಪೆಟ್ಟಿಗೆ, ಹಳೆಯವೂ ಸೇರಿ, ಪರೀಕ್ಷಾ ಬೆಂಚಿನ ಮೇಲಿರಬೇಕು. ಹಿಂದಿನ ಆವೃತ್ತಿಗೆ ಮರಳುವ ದಾರಿ ಇಲ್ಲದ ಅಪ್‌ಡೇಟನ್ನು ಕಾಳಗದ ಘಟಕಕ್ಕೆ ಹಾಕಕೂಡದು.

ನುಸುಳಿದವರು ಇದ್ದರೆ

ಮೇಲಿನ ಯಾವುದಕ್ಕೂ ಹೊಂದದೆ, ಒಂದಕ್ಕೊಂದು ಸಂಬಂಧವಿಲ್ಲದ ಪೆಟ್ಟಿಗೆಗಳು ಒಟ್ಟಿಗೆ ಕೆಟ್ಟರೆ ಹೊರಗಿನವರ ಕೈ ಇದೆಯೆಂದು ಭಾವಿಸಿ. 2022ರ ಫೆಬ್ರವರಿ 24ರಂದು ರಷ್ಯಾ ಯುಕ್ರೇನಿನ ಮೇಲೆ ದಾಳಿಯಿಟ್ಟ ಹೊತ್ತಿಗೇ ಕೆಎ-ಸ್ಯಾಟ್ ಉಪಗ್ರಹ ಜಾಲದ ಹತ್ತಾರು ಸಾವಿರ ಮೋಡೆಮ್‌ಗಳು ಸತ್ತವು. ಉಪಗ್ರಹಕ್ಕೆ ಏನೂ ಆಗಿರಲಿಲ್ಲ. ತಪ್ಪಾಗಿ ಹೊಂದಿಸಿದ್ದ ಹೊರಗಿನಿಂದ ಜಾಲ ಸೇರಲು ಬಿಡುವ ಒಂದು ವಿಪಿಎನ್ ಪೆಟ್ಟಿಗೆಯ ಮೂಲಕ ನುಸುಳಿ, ನಿರ್ವಹಣೆಯ ದಾರಿಯಲ್ಲೇ ಅಳಿಸುವ ಆದೇಶ ಕಳಿಸಿದ್ದರು. ಇಲ್ಲಿ ರೀಬೂಟ್ ಮಾಡಿದರೆ ಸಾಕ್ಷ್ಯ ಅಳಿದುಹೋಗುತ್ತದೆ. ಜಾಲದ ಕೇಬಲ್ ಕಿತ್ತು, ವಿದ್ಯುತ್ ಹಾಗೇ ಬಿಟ್ಟು, ಮೆಮೊರಿಯ ನಕಲು ತೆಗೆಯಿರಿ. ಪ್ರತ್ಯೇಕ ಜಾಲ, ಹೊರಗಿನ ಸಂಪರ್ಕವೇ ಇಲ್ಲ ಎಂಬ ಧೈರ್ಯ ಬೇಡ. 2008ರಲ್ಲಿ ಅಮೆರಿಕದ ರಹಸ್ಯ ಜಾಲಕ್ಕೆ ತಾನೇ ಹರಡುವ ತಂತ್ರಾಂಶದ ಹುಳು ಸೇರಿದ್ದು ಒಂದು ಪೆನ್ ಡ್ರೈವಿನಿಂದ. ತೊಳೆಯಲು ಸುಮಾರು 14 ತಿಂಗಳು ಹಿಡಿಯಿತು.

ದೋಷ ವರದಿ

ಕೊನೆಗೆ ವರದಿ ಬರೆಯುವಾಗ ಅಂಕಿಯಿಲ್ಲದ ವಾಕ್ಯ ಬರೆಯಬೇಡಿ. ಪೇಟ್ರಿಯಟ್ ಗಡಿಯಾರದ ದೋಷ ಧಹ್ರಾನ್‌ಗೆ ಮೊದಲೇ ಗೊತ್ತಿತ್ತು. 8 ಗಂಟೆಯಲ್ಲೇ ನೋಟ ಜಾರುತ್ತದೆ ಎಂದು ಇಸ್ರೇಲಿಗಳು ಫೆಬ್ರವರಿ 11ರಂದು ದತ್ತಾಂಶ ಸಹಿತ ತಿಳಿಸಿದ್ದರು. ಫೆಬ್ರವರಿ 21ರಂದು ಎಲ್ಲ ಘಟಕಗಳಿಗೂ ಎಚ್ಚರಿಕೆ ಹೋಯಿತು: ಯಂತ್ರ ಬಹಳ ಹೊತ್ತು ಓಡಿದರೆ ತೊಂದರೆಯಾಗಬಹುದು ಎಂದು. ಬಹಳ ಹೊತ್ತು ಎಂದರೆ ಎಷ್ಟು ಗಂಟೆ ಎಂದು ಅದರಲ್ಲಿರಲಿಲ್ಲ. ತಿದ್ದಿದ ತಂತ್ರಾಂಶ ಧಹ್ರಾನ್ ತಲುಪಿದ್ದು ಫೆಬ್ರವರಿ 26ರಂದು.

ಆದ್ದರಿಂದ ವರದಿಯಲ್ಲಿ ಇಷ್ಟಿರಲಿ: ಯಂತ್ರದ ಮಾದರಿ ಮತ್ತು ತಂತ್ರಾಂಶದ ಆವೃತ್ತಿ, ದೋಷ ಕಂಡಾಗ ಎಷ್ಟು ಗಂಟೆಯಿಂದ ಓಡುತ್ತಿತ್ತು, ತಪ್ಪು ಎಷ್ಟು ಮೀಟರ್, ಎಷ್ಟು ಸೆಕೆಂಡು, ಯಾವ ದಿಕ್ಕಿಗೆ, ಅದೇ ಆವೃತ್ತಿ ಇನ್ನೆಲ್ಲೆಲ್ಲಿ ಇದೆ, ದುರಸ್ತಿ ಬರುವ ತನಕ ಆ ಘಟಕಗಳು ಎಷ್ಟು ಗಂಟೆಗೊಮ್ಮೆ ಏನು ಮಾಡಬೇಕು, ಆ ಹೊತ್ತಿನಲ್ಲಿ ಅವುಗಳ ಜಾಗ ಯಾರು ಕಾಯಬೇಕು. ದೋಷವನ್ನು ಬೆಂಚಿನ ಮೇಲೆ ಮತ್ತೆ ಹುಟ್ಟಿಸಿ, ದುರಸ್ತಿಯ ನಂತರ ಅದು ಹುಟ್ಟದಿರುವುದನ್ನು ನೋಡುವ ತನಕ ಆ ಕಡತ ಮುಚ್ಚಬೇಡಿ. ತಾನಾಗಿಯೇ ಸರಿಹೋದ ದೋಷದ ಕಡತವನ್ನಂತೂ ತೆರೆದೇ ಇಡಿ.